ನ್ಯಾಟೊದ 5ನೇ ವಿಧಿ: ಒಬ್ಬರ ಮೇಲೆ ದಾಳಿಯಾದರೆ ಎಲ್ಲರೂ ಯುದ್ಧಕ್ಕಿಳಿಯಲೇಬೇಕೇ?

ತೀರ್ಥಹಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: ಉತ್ತರ ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟವಾದ ನ್ಯಾಟೊದ ಒಂದು ಸದಸ್ಯ ದೇಶದ ಮೇಲೆ ದಾಳಿಯಾದರೆ ಉಳಿದ 31 ದೇಶಗಳೂ ಸೈನ್ಯ ಕಳಿಸಲೇಬೇಕೇ?

ಇಲ್ಲ. 1949ರ ಒಪ್ಪಂದದ 5ನೇ ವಿಧಿ ಒಬ್ಬರ ಮೇಲಿನ ದಾಳಿಯನ್ನು ಎಲ್ಲರ ಮೇಲಿನ ದಾಳಿಯೆಂದೇ ಪರಿಗಣಿಸುತ್ತದೆ, ನಿಜ. ಆದರೆ ಪ್ರತಿ ದೇಶವೂ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಂಡರೆ ಸಾಕು. ನಮ್ಮ ಮಲೆನಾಡಿನ ಮುಯ್ಯಾಳಿನಲ್ಲಿ ನಾಟಿಗೆ ಬಂದ ಆಳಿಗೆ ಆಳನ್ನೇ ತಿರುಗಿ ಕೊಡಬೇಕು. ಇಲ್ಲಿ ಆ ಲೆಕ್ಕವಿಲ್ಲ. ಒಬ್ಬರು ವಿಮಾನ ಕಳಿಸಬಹುದು, ಇನ್ನೊಬ್ಬರು ಔಷಧಿ. ಈ ವಿಧಿ ಬಳಕೆಯಾದದ್ದು ಒಮ್ಮೆ ಮಾತ್ರ, 2001ರ ಸೆಪ್ಟೆಂಬರ್ ದಾಳಿಯ ನಂತರ. ಆಗ ಅಮೆರಿಕದ ಆಕಾಶ ಕಾಯಲು ನ್ಯಾಟೊದ ಅವಾಕ್ಸ್ ಎಂಬ ಕಣ್ಗಾವಲು ವಿಮಾನಗಳು ಹೋದವು.

ಇಂಥ ಮಾತು ಕೈಕೊಡುವುದೂ ಉಂಟು. ರಷ್ಯಾ ನೇತೃತ್ವದ ಕೂಟದಲ್ಲಿದ್ದ ಆರ್ಮೇನಿಯ 2022ರಲ್ಲಿ ನೆರವು ಕೇಳಿದಾಗ ಬಂದದ್ದು ಪರಿಶೀಲನಾ ತಂಡ, ಸೈನ್ಯವಲ್ಲ. 2024ರಲ್ಲಿ ಅದು ಕೂಟದ ಚಟುವಟಿಕೆಗಳಿಂದಲೇ ದೂರ ಸರಿಯಿತು. ಹಾಗಾಗಿ ಶತ್ರುವನ್ನು ತಡೆಯುವುದು ಕಾಗದಕ್ಕಿಂತ ಹೆಚ್ಚಾಗಿ ಗಡಿಯಲ್ಲಿ ಮೊದಲೇ ನಿಂತ ತುಕಡಿ. ಎಸ್ಟೋನಿಯ, ಪೋಲೆಂಡ್‌ಗಳಲ್ಲಿ 2017ರಿಂದ ಮಿತ್ರದೇಶಗಳ ಸೈನಿಕರಿರುವುದು ಇದಕ್ಕೇ. ಆದರೆ ಅದೇ ತುಕಡಿ ಆಚೆಯವರ ಕಣ್ಣಿಗೆ ಬೆದರಿಕೆ. ಅವರೂ ಶಸ್ತ್ರ ಕೂಡಿಡುತ್ತಾರೆ.

ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಸಾಮೂಹಿಕ ಆತ್ಮರಕ್ಷಣೆಗೆ ಅವಕಾಶ ಕೊಟ್ಟಿದೆ. ಅದನ್ನು ಮೀರಿದ ಬಲಪ್ರಯೋಗಕ್ಕೆ ಭದ್ರತಾ ಮಂಡಳಿಯ ಒಪ್ಪಿಗೆ ಬೇಕು. 1999ರಲ್ಲಿ ಕೊಸೊವೊ ವಿಚಾರವಾಗಿ ನ್ಯಾಟೊ ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬ್ ಹಾಕಿದ್ದು ಆ ಒಪ್ಪಿಗೆಯಿಲ್ಲದೆ.