ಓದಿ, ಉತ್ತರಿಸದೆ ಬಿಟ್ಟ ಆ ಸಂದೇಶ

ಈ ವಾರದ ಪತ್ರ ಹದಿನೈದರ ಹರೆಯದ ಹುಡುಗಿಯ ತಾಯಿಯದು. ಪಕ್ಕದ ಮನೆಯವರು ಬೇರೆ ಧರ್ಮದವರು. ಅವರ ಮಗಳೂ ಇವರ ಮಗಳೂ ಒಂದೇ ತರಗತಿ, ಒಂದೇ ಬೆಂಚು. ಗೆಳತಿಯ ಮನೆಯಲ್ಲಿ ನಡೆಯುವ ಪ್ರಾರ್ಥನೆಗೆ ಒಮ್ಮೆ ಹೋಗಿ ಕುಳಿತು ಬರುತ್ತೇನೆ ಎಂದು ಹುಡುಗಿ ಕೇಳಿದಳು. ತಾಯಿ ಬೇಡ ಎಂದರು. ‘ಎಲ್ಲ ಧರ್ಮಗಳನ್ನೂ ಗೌರವಿಸಬೇಕು ಎಂದು ನನ್ನ ಶಾಲೆಯ ಭಾಷಣಕ್ಕೆ ಬರೆದುಕೊಟ್ಟವಳು ನೀನೇ ಅಲ್ಲವೇ?’ ಎಂದು ಮಗಳು ತಿರುಗಿಸಿ ಕೇಳಿದಳು. ಅಂದಿನಿಂದ ಮನೆಯಲ್ಲಿ ಮಾತಿಗೆ ಬರ. ‘ಗೌರವ ಬೇರೆ, ಹೋಗಿ ಕೂರುವುದು ಬೇರೆ. ಇದನ್ನು ಅವಳಿಗೆ ಹೇಗೆ ತಿಳಿಸಿ ಹೇಳಲಿ?’ ಎಂಬುದು ಪ್ರಶ್ನೆ.

ಎರಡೂ ಧರ್ಮಗಳ ಹೆಸರನ್ನು ನೀವು ಬರೆದಿದ್ದೀರಿ, ತಾಯಿ. ನಾನು ಇಲ್ಲಿ ಬಿಟ್ಟಿದ್ದೇನೆ. ಹೆಸರುಗಳನ್ನು ಅದಲುಬದಲು ಮಾಡಿಕೊಂಡು ಪತ್ರವನ್ನು ಮತ್ತೆ ಓದಿದೆ. ನನ್ನ ಉತ್ತರದಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಮಗಳ ಹಟದ ಬಗ್ಗೆ ಪುಟಗಟ್ಟಲೆ ಬರೆದವರು, ಒಂದು ಸಂಗತಿಯನ್ನು ಮಾತ್ರ ಎರಡೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ಆ ಹುಡುಗಿಯ ತಾಯಿ ನಿಮಗೆ ಒಂದು ಸಂದೇಶ ಕಳುಹಿಸಿದ್ದರು: ‘ಶನಿವಾರ ಸಂಜೆ ನಮ್ಮಲ್ಲಿ ಪ್ರಾರ್ಥನೆ ಇದೆ. ನಿಮ್ಮ ಮಗಳು ಬರುತ್ತೇನೆ ಎನ್ನುತ್ತಿದ್ದಾಳೆ. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ. ಬಂದರೆ ಸುಮ್ಮನೆ ಕುಳಿತಿದ್ದರಾಯಿತು, ಏನನ್ನೂ ಮಾಡಬೇಕಾಗಿಲ್ಲ.’ ಏನು ಹೇಳಬೇಕೋ ತೋಚದೆ ನೀವು ಸುಮ್ಮನಾದಿರಿ. ಶನಿವಾರ ಬಂದು ಹೋಯಿತು. ನೀವು ಓದಿದ್ದೀರಿ ಎಂಬುದು ಆಕೆಗೆ ಗೊತ್ತು. ಆ ಎರಡು ನೀಲಿ ಗುರುತುಗಳು ಚಾಡಿ ಹೇಳದೆ ಬಿಡುವುದಿಲ್ಲ. ಇಷ್ಟಾದ ಮೇಲೆ ನಿಮ್ಮದೇ ದೂರು: ‘ಈಚೆಗೆ ಮೆಟ್ಟಿಲ ಬಳಿ ಸಿಕ್ಕರೂ ಅವರು ಮುಖ ಕೊಟ್ಟು ಮಾತಾಡುವುದಿಲ್ಲ, ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿರಬೇಕು.’ ಇಟ್ಟುಕೊಂಡಿರಬಹುದು. ಕೇಳಬೇಕಾದವರನ್ನು ಕೇಳಿಯೂ ಉತ್ತರ ಸಿಗದವರಿಗೆ ಇನ್ನೇನು ಇರುತ್ತದೆ?

ಬೇಡ ಎನ್ನುವ ಹಕ್ಕು ನಿಮಗಿಲ್ಲ ಎಂದು ನಾನು ಹೇಳುತ್ತಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ, ಆಲೋಚನೆ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯ ಮಗುವಿಗೂ ಉಂಟು ಎನ್ನುತ್ತದೆ. ಅದನ್ನು ಬಳಸುವಲ್ಲಿ ದಾರಿ ತೋರುವ ಹಕ್ಕು ಮತ್ತು ಹೊಣೆ ತಂದೆತಾಯಿಯದು ಎಂದೂ ಒಪ್ಪುತ್ತದೆ, ಆದರೆ ಮಗುವಿನ ಬೆಳೆಯುತ್ತಿರುವ ಸಾಮರ್ಥ್ಯಕ್ಕೆ ತಕ್ಕ ಹಾಗೆ. ಐದು ವರ್ಷದವಳಿಗೆ ‘ಬೇಡ’ ಎಂದರೆ ನಡೆದೀತು. ಹದಿನೈದರವಳಿಗೆ ಕಾರಣ ಕೊಡಬೇಕು. ಆ ಕಾರಣಕ್ಕಾಗಿ ನಿಮ್ಮ ಪತ್ರವನ್ನೆಲ್ಲ ತಡಕಾಡಿದೆ. ಸಿಕ್ಕಿದ್ದು ನಿಮ್ಮ ನಾದಿನಿ.

‘ಇವತ್ತು ಪ್ರಾರ್ಥನೆ ನೋಡುತ್ತಾಳೆ, ನಾಳೆ ಧರ್ಮವನ್ನೇ ಬದಲಿಸಿಕೊಂಡು ಬರುತ್ತಾಳೆ’ ಎಂದು ಆಕೆ ಹೇಳಿದರಂತೆ. ಬೇರೆ ಊರಿನಿಂದ, ಫೋನಿನಲ್ಲಿ, ನಿಮ್ಮ ಪಕ್ಕದ ಮನೆಯವರ ಮುಖವನ್ನೂ ನೋಡದೆ. ಈ ಅಂಕಣದ ಹಳೆಯ ಓದುಗರಿಗೆ ನನ್ನ ಈ ರಾಗ ಚಿರಪರಿಚಿತ: ಮನೆಯೊಳಗಿನ ಬಹುಪಾಲು ತಕರಾರುಗಳಿಗೆ ಕಿಡಿ ಹಚ್ಚುವವರು, ಅದರ ಬಿಸಿ ತಮಗೆ ತಟ್ಟದಷ್ಟು ದೂರದಲ್ಲಿ ಇರುವವರು. (ನಾನೂ ದೂರದಿಂದಲೇ ಸಲಹೆ ಕೊಡುತ್ತಿದ್ದೇನಲ್ಲ ಎನ್ನಬೇಡಿ. ನೀವಾಗಿ ಕೇಳಿದಿರಿ.)

ಹಾಗೆಂದು ನಿಮ್ಮ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. 1948ರ ಡಿಸೆಂಬರ್ 10ರಂದು ಅಂಗೀಕಾರವಾದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ, ಧರ್ಮವನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಸೇರಿಸಿಕೊಂಡಿದೆ. ಅಷ್ಟನ್ನು ಸೇರಿಸುವುದಕ್ಕೂ ಜಗ್ಗಾಟ ನಡೆದಿತ್ತು. ಲೆಬನಾನಿನ ಚಾರ್ಲ್ಸ್ ಮಲಿಕ್ ಅದರ ಪರವಾಗಿ ಪಟ್ಟು ಹಿಡಿದವರಲ್ಲಿ ಮುಖ್ಯರು. ದೇಶದೇಶಗಳ ಪ್ರತಿನಿಧಿಗಳೇ ತಡವರಿಸಿದ ಕಡೆ ಒಬ್ಬ ತಾಯಿಯ ಎದೆ ಝಲ್ಲೆಂದರೆ ಆಶ್ಚರ್ಯವೇನು? ಎಳೆಯರನ್ನು ಆಮಿಷ ಒಡ್ಡಿಯೋ ಹೆದರಿಸಿಯೋ ಸೆಳೆದುಕೊಳ್ಳುವವರು ಇದ್ದೇ ಇದ್ದಾರೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ ಅಂಥ ಬಲವಂತ ಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅಂಥವರು ಸಾಮಾನ್ಯವಾಗಿ ಏನು ಹೇಳುತ್ತಾರೆ? ‘ಅಮ್ಮನಿಗೆ ಗೊತ್ತಾಗುವುದು ಬೇಡ’ ಎನ್ನುತ್ತಾರೆ. ನಿಮ್ಮ ನೆರೆಯಾಕೆ ಮೊದಲು ಕೇಳಿದ್ದೇ ಅಮ್ಮನನ್ನು. ಮಗಳಿಗೆ ಬುದ್ಧಿ ಹೇಳಲೇಬೇಕೆಂದಿದ್ದರೆ ಈ ವ್ಯತ್ಯಾಸವನ್ನು ಹೇಳಿಕೊಡಿ. ಗುಟ್ಟಾಗಿಡು ಎನ್ನುವವರು ಯಾರೇ ಇರಲಿ, ನಿಮ್ಮ ಧರ್ಮದವರೇ ಇರಲಿ, ಅಲ್ಲಿಂದ ಎದ್ದು ಬಾ ಎನ್ನಿ. ಕೈ ಜೋಡಿಸಲು, ಹಾಡಲು, ಏನನ್ನಾದರೂ ಉಚ್ಚರಿಸಲು ಮನಸ್ಸಿಲ್ಲದಿದ್ದರೆ ನಯವಾಗಿ ‘ಇಲ್ಲ’ ಎನ್ನಬಹುದು, ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ ಎನ್ನಿ. ಮನೆಗೆ ಬಂದ ಮೇಲೆ ಅವಳು ಕೇಳುವ ಪ್ರಶ್ನೆಗಳಿಗೆ, ನಿಮ್ಮ ಸ್ವಂತ ಧರ್ಮದ ಬಗ್ಗೆ ಕೇಳುವ ಪ್ರಶ್ನೆಗಳಿಗೂ, ಸಿಡುಕದೆ ಉತ್ತರಿಸಲು ತಯಾರಾಗಿ. ಕಷ್ಟದ ಕೆಲಸ ಅದು, ಪ್ರಾರ್ಥನೆಯಲ್ಲ.

‘ಎಂಟು ವರ್ಷಗಳಿಂದ ಅಕ್ಕಪಕ್ಕ ಇದ್ದೇವೆ, ಒಂದು ದಿನ ಜಗಳವಾಡಿಲ್ಲ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಸಂತೋಷ. ಆದರೆ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಹೇಳಿದ್ದು, ಅಕ್ಕಪಕ್ಕ ಇದ್ದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ ಎಂದು. ಸರಿಸಮಾನರಾಗಿರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಜೊತೆಗೂಡಿ ದುಡಿಯಬೇಕು, ಮೇಲಿನವರ ಬೆಂಬಲವೂ ಬೇಕು. ಹುಡುಗಿಯರು ಮೊದಲ ಮೂರನ್ನು ಯಾರ ಹಂಗೂ ಇಲ್ಲದೆ ಮಾಡಿಕೊಂಡಿದ್ದಾರೆ: ಅದೇ ಬೆಂಚು, ಅದೇ ಪರೀಕ್ಷೆ, ನಿಮ್ಮವಳ ಗಣಿತಕ್ಕೆ ಅವಳ ವಿಜ್ಞಾನ. ಉಳಿದಿರುವುದು ನಾಲ್ಕನೆಯದು.

ಆದ್ದರಿಂದ ಮಗಳಿಗೆ ಏನು ಹೇಳಬೇಕು ಎಂಬುದನ್ನು ನಾಳೆಗಿಟ್ಟುಕೊಳ್ಳಿ. ಇವತ್ತು ಆ ಸಂದೇಶಕ್ಕೆ ಉತ್ತರ ಬರೆಯಿರಿ. ತಡವಾದದ್ದಕ್ಕೆ ಕ್ಷಮೆ ಕೇಳಿ, ನನ್ನನ್ನು ಕೇಳಿದ್ದಕ್ಕೆ ಉಪಕಾರವಾಯಿತು ಎನ್ನಿ. ಒಪ್ಪಿಗೆಯಿದ್ದರೆ ‘ಮುಂದಿನ ಬಾರಿ ಕಳುಹಿಸುತ್ತೇನೆ, ನಾನೂ ಜೊತೆಗೆ ಬರಬಹುದೇ?’ ಎಂದು ಸೇರಿಸಿ. ಇಲ್ಲದಿದ್ದರೆ ‘ಸದ್ಯಕ್ಕೆ ನನಗೆ ಧೈರ್ಯ ಸಾಲದು, ಬೇಸರ ಮಾಡಿಕೊಳ್ಳಬೇಡಿ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಎರಡರಲ್ಲಿ ಯಾವುದನ್ನು ಬರೆದರೂ ಕಳುಹಿಸುವ ಮೊದಲು ಮಗಳಿಗೆ ಓದಲು ಕೊಡಿ. ನಾದಿನಿಗೆ ಬೇಡ.