ಶುಗರ್ ಇರುವವರ ಕಾಲಿನ ಗಾಯಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಬಹುದಾ?

ನೀವು ಕೇಳಿರೋದು ಇಷ್ಟು: ಮೂಡಿಗೆರೆ ಹತ್ತಿರ ತೋಟ ನೋಡಿಕೊಳ್ಳುವ ನಿಮ್ಮ ತಂದೆಯವರಿಗೆ 58 ವರ್ಷ, ಶುಗರ್ ಇದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, 4 ತಿಂಗಳಿಂದ ಗಾಯ ಮಾಯ್ತಾ ಇಲ್ಲ. ಒಂದು ಕ್ಲಿನಿಕ್ಕಿನವರು ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಮೂರು ಸಲ ಚುಚ್ತೀವಿ, ಒಂದೂವರೆ ಲಕ್ಷ ಆಗುತ್ತೆ ಅಂದಿದ್ದಾರೆ. ಹಾಕಿಸಬಹುದಾ?

ಬೇಡ. ಸದ್ಯಕ್ಕಂತೂ ಬೇಡ.

ಮೊದಲು ಗಾಯ ಇರುವ ಜಾಗ ನೋಡಿ. ಚರ್ಮಕ್ಕೆ ತನ್ನದೇ ಸ್ಟೆಮ್ ಸೆಲ್‌ಗಳಿವೆ, ಅಂದರೆ ಹೊಸ ಜೀವಕೋಶ ಹುಟ್ಟಿಸುವ ಮೂಲಕೋಶಗಳು. ಮೇಲ್ಚರ್ಮದ ತಳದ ಪದರದಲ್ಲಿ ಒಂದಷ್ಟು, ಕೂದಲ ಬುಡದಲ್ಲಿ ಒಂದಷ್ಟು. ತೋಳು ತರಚಿದರೆ ಬೇಗ ಮಾಯೋದು ಯಾಕೆಂದರೆ ಒಂದೊಂದು ಕೂದಲ ಬುಡದಿಂದಲೂ ಹೊಸ ಚರ್ಮ ಹಬ್ಬುತ್ತೆ. ಅಂಗಾಲಲ್ಲಿ ಕೂದಲೇ ಇಲ್ಲ. ಆಳದ ಗಾಯವಾದರೆ ಅಂಚಿನಿಂದಲೇ ತೆವಳಿಕೊಂಡು ಬರಬೇಕು. ಆ ಅಂಚು ದಡ್ಡುಗಟ್ಟಿ ಗಟ್ಟಿಯಾಗಿ, ದಿನಾ ಸಾವಿರಾರು ಹೆಜ್ಜೆಯ ಭಾರ ಅದರ ಮೇಲೇ ಬೀಳ್ತಾ ಇದ್ದರೆ ಒಳಗೆ ಯಾವ ಸೆಲ್ ಚುಚ್ಚಿದರೂ ಅದೂ ಅಲ್ಲೇ ಜಜ್ಜಿಹೋಗುತ್ತೆ.

ಆದ್ದರಿಂದ ದುಡ್ಡು ಮೊದಲು ಹೋಗಬೇಕಾದ್ದು ಪರೀಕ್ಷೆಗಳಿಗೆ. ಇವು ದುಬಾರಿಯೂ ಅಲ್ಲ. 10 ಗ್ರಾಂನ ನೈಲಾನ್ ಎಳೆ ಒತ್ತಿ ಸ್ಪರ್ಶ ಗೊತ್ತಾಗುತ್ತಾ ನೋಡೋದು. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡೋದು: 0.9ಕ್ಕಿಂತ ಕಮ್ಮಿ ಬಂದರೆ ಕಾಲಿಗೆ ರಕ್ತ ಸರಿಯಾಗಿ ಇಳೀತಾ ಇಲ್ಲ. ಇಲ್ಲೊಂದು ಮೋಸ ಇದೆ. ಶುಗರ್ ಹಳೆಯದಾದವರಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿಕೊಂಡಿರುತ್ತೆ, ಬಿಪಿ ಪಟ್ಟಿಗೆ ಅದು ಬಗ್ಗೋದಿಲ್ಲ, ಅಂಕಿ 1.3 ದಾಟಿ ಬರುತ್ತೆ. ಅದನ್ನು ‘ಚೆನ್ನಾಗಿದೆ’ ಅಂತ ಓದಿಬಿಟ್ಟರೆ ಕೆಟ್ಟಿತು. ಆಗ ಹೆಬ್ಬೆರಳಿನದೇ ಒತ್ತಡ ಅಳೆಸಬೇಕು. ಅದು 30ಕ್ಕಿಂತ ಕೆಳಗಿದ್ದರೆ ಡ್ರೆಸ್ಸಿಂಗ್ ಮಾತು ಬದಿಗಿಟ್ಟು ತಡಮಾಡದೆ ರಕ್ತನಾಳದ ಸರ್ಜನ್ ಹತ್ತಿರ ಹೋಗಿ. ಇನ್ನೊಂದು, ಗಾಯದೊಳಗೆ ಶುದ್ಧ ಮಾಡಿದ ಲೋಹದ ಕಡ್ಡಿ ಇಳಿಸಿ ಮೂಳೆ ತಾಗುತ್ತಾ ಅಂತ ಡಾಕ್ಟರು ನೋಡಬೇಕು. ‘ಟಕ್’ ಅಂತ ತಾಗಿದರೆ ಮೂಳೆಗೆ ಸೋಂಕು ಇಳಿದಿರುವ ಸಾಧ್ಯತೆ ಜಾಸ್ತಿ. ಆಗ ಎಕ್ಸ್‌ರೇ, ಬೇಕಾದರೆ ಎಂಆರ್‌ಐ, ಮತ್ತು ವಾರಗಟ್ಟಲೆ ಆ್ಯಂಟಿಬಯೋಟಿಕ್.

ರಕ್ತ ಸರಿಯಾಗಿ ಬರ್ತಾ ಇದೆ, ಸೋಂಕಿಲ್ಲ ಅಂತಾದರೆ ನಿಜವಾದ ಚಿಕಿತ್ಸೆ ಎರಡು. ವಾರಕ್ಕೊಮ್ಮೆ ದಡ್ಡು ಚರ್ಮವನ್ನೂ ಸತ್ತ ಭಾಗವನ್ನೂ ಬ್ಲೇಡಿನಲ್ಲಿ ಕೆತ್ತಿ ತೆಗೆಯೋದು ಒಂದು. ಗಾಯದ ಮೇಲೆ ಬ್ಯಾಕ್ಟೀರಿಯಾ ಕಟ್ಟುವ ಲೋಳೆ ಪೊರೆ ಕೆತ್ತಿದ ಎರಡು ಮೂರು ದಿನಕ್ಕೇ ಮತ್ತೆ ಕಟ್ಟಿಕೊಳ್ಳುತ್ತೆ, ಒಂದೇ ಸಲಕ್ಕೆ ಮುಗಿಯೋ ಕೆಲಸ ಅಲ್ಲ. ಇನ್ನೊಂದು, ಮೊಣಕಾಲ ಕೆಳಗಿನಿಂದ ಪಾದದವರೆಗೆ ಮೈಗಂಟಿಕೊಂಡಂತೆ ಹಾಕುವ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಅನ್ನುವ ಗಟ್ಟಿ ಕಟ್ಟು. ಹೆಬ್ಬೆರಳ ಬುಡದ ಭಾರವನ್ನು ಇದು ಇಡೀ ಪಾದಕ್ಕೂ ಮೀನಖಂಡಕ್ಕೂ ಹಂಚುತ್ತೆ. ಮೊದಲನೇದನ್ನು ಎರಡು ಮೂರು ದಿನಕ್ಕೇ ಬಿಚ್ಚಿ ಹೊಸದು ಹಾಕಬೇಕು. ಊತ ಇಳಿದು ಕಾಸ್ಟ್ ಸಡಿಲವಾದರೆ ಅದೇ ಉಜ್ಜಿ ಹೊಸ ಗಾಯ ಆಗುತ್ತೆ. ಆಮೇಲೆ ವಾರಕ್ಕೊಂದು. ನಿಮ್ಮ ಕಡೆಯ ಮಳೆಗಾಲಕ್ಕೆ ಬಿಳಿ ಪ್ಲಾಸ್ಟರ್ ನಂಬಬೇಡಿ, ಫೈಬರ್ ಗ್ಲಾಸಿನದು ಕೇಳಿ. ಅದರದ್ದೂ ಒಳಗಿನ ಹತ್ತಿ ನೆನೆದರೆ ಬಿಚ್ಚಲೇಬೇಕು.

ಜೊತೆಗೆ ಅಳತೆ ಬರೆದಿಡಿ. ಇವತ್ತು ಉದ್ದ 3 ಸೆಂ.ಮೀ., ಅಗಲ 2 ಸೆಂ.ಮೀ. ಇದ್ದರೆ ಗುಣಿಸಿ 6 ಚದರ ಸೆಂ.ಮೀ. ಸರಿಯಾಗಿ ಭಾರ ಇಳಿಸಿದ 4 ವಾರಕ್ಕೆ ಅದು 3ಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಏನೋ ತಪ್ಪಿಹೋಗಿದೆ ಅಂತ ಮೊದಲಿಂದ ಹುಡುಕಬೇಕು. ಅಂಚು ಹೂಕೋಸಿನ ಹಾಗೆ ಉಬ್ಬಿದ್ದರೆ ಬಯಾಪ್ಸಿ ಮಾಡಿಸದೆ ಮುಂದುವರಿಯಬೇಡಿ. ಹಳೇ ಗಾಯ ಒಮ್ಮೊಮ್ಮೆ ಕ್ಯಾನ್ಸರ್ ಆಗಿ ತಿರುಗುತ್ತೆ, ಅದರ ಮೇಲೆ ಬೆಳವಣಿಗೆ ಹೆಚ್ಚಿಸೋ ಯಾವ ಮದ್ದನ್ನೂ ಹಾಕಬಾರದು.

ಬಯೋಮೆಟೀರಿಯಲ್‌ಗಳ, ಅಂದರೆ ಗಾಯ ಮಾಯಲು ನೆರವಾಗೋ ಹೊದಿಕೆಗಳ ಸರದಿ ಇಲ್ಲಿಂದ ಶುರು. ಹೆಚ್ಚು ಸಿಗೋದು ಕೊಲಾಜೆನ್ ಶೀಟ್, ಪ್ರಾಣಿಗಳಿಂದ ತೆಗೆದ ಪ್ರೋಟೀನಿನ ತೆಳು ಹಾಳೆ. ಗಾಯ ಕೆಂಪಗೆ, ಕೀವಿಲ್ಲದೆ ಇರಬೇಕು. ಶೀಟನ್ನು ಆಲ್ಕೋಹಾಲಿನಲ್ಲಿ ಅದ್ದಿಟ್ಟಿರುತ್ತಾರೆ, ಹಾಗಾಗಿ ಸಲೈನಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯಬೇಕು. ಈ ಹೆಜ್ಜೆ ಹಾರಿಸಿದರೆ ಹೊಸ ಜೀವಕೋಶಗಳೇ ಸುಟ್ಟುಹೋಗ್ತವೆ. ನೀರು ಹೊರಬರಲಿ ಅಂತ ಅಲ್ಲಲ್ಲಿ ಬ್ಲೇಡಿನಲ್ಲಿ ಸಣ್ಣ ಸೀಳು ಹಾಕಿ, ಗುಳ್ಳೆ ನಿಲ್ಲದ ಹಾಗೆ ಬೆರಳಲ್ಲಿ ನೀವಿ ಕೂರಿಸಬೇಕು. ಕೂತ ಮೇಲೆ ಕೀಳಬಾರದು, ಒಣಗಿ ತಾನೇ ಬಿಡುತ್ತೆ. ಅಡಿಯಲ್ಲಿ ಹಳದಿ ನೀರು ತುಂಬಿ ತೇಲ್ತಾ ಇದ್ದರೆ, ನಾತ ಬಂದರೆ, ಅವತ್ತೇ ತೆಗೆಸಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನೆಲ್ಲ ತೊಳೆದು ಹಂದರವನ್ನಷ್ಟೇ ಉಳಿಸಿ ಮಾಡಿದ ಕೋಲೆಡರ್ಮ್ ಅನ್ನುವ ಗಾಯದ ಹೊದಿಕೆಗೆ 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ. ದನದ್ದೋ ಹಂದಿಯದ್ದೋ ಬೇಡ ಅನ್ನುವವರು ಮೊದಲೇ ಕೇಳಿಕೊಳ್ಳಿ, ಎಷ್ಟೋ ಕಡೆ ಯಾರೂ ಹೇಳೋದಿಲ್ಲ.

ನನ್ನನ್ನು ಕೇಳಿದರೆ ನಿಮ್ಮ ತಂದೆಯವರಂಥ ಗಾಯಕ್ಕೆ ಪಿಆರ್‌ಎಫ್ (ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್ ಹೆಪ್ಪು) ಮೊದಲು ನೋಡಬೇಕಾದ್ದು. ಅವರದೇ ರಕ್ತದಿಂದ ಮಾಡೋದು. ಯಾವ ಮದ್ದೂ ಹಾಕದ 10 ಮಿ.ಲೀ. ಟ್ಯೂಬುಗಳಿಗೆ ರಕ್ತ ಎಳೆದು ಎರಡು ನಿಮಿಷದೊಳಗೆ ಸೆಂಟ್ರಿಫ್ಯೂಜ್ ಅನ್ನುವ ತಿರುಗುವ ಯಂತ್ರಕ್ಕೆ ಹಾಕಬೇಕು, 3000 ಆರ್‌ಪಿಎಮ್‌ನಲ್ಲಿ ಸುಮಾರು 10 ನಿಮಿಷ. ಕೆಳಗೆ ಕೆಂಪು, ಮೇಲೆ ತಿಳಿ, ನಡುವೆ ಎಳನೀರ ಗಂಜಿಯ ಹಾಗೆ ಅಲ್ಲಾಡುವ ಹಳದಿ ಗಡ್ಡೆ. ಅದನ್ನು ತೆಗೆಯುವಾಗ ಕೆಂಪಿನ ಒಂದೆರಡು ಮಿಲಿಮೀಟರ್ ಅಂಟಿಕೊಂಡೇ ಬರಲಿ. ಪ್ಲೇಟ್‌ಲೆಟ್ ದಟ್ಟವಾಗಿರೋದು ಆ ಗೆರೆಯಲ್ಲೇ. ಗಾಜ್ ಬಟ್ಟೆಯ ನಡುವೆ ಹಗುರವಾಗಿ ಒತ್ತಿ ಗಾಯದ ಮೇಲಿಟ್ಟು ವ್ಯಾಸಲೀನ್ ಗಾಜ್ ಮುಚ್ಚಿ, ವಾರದ ತನಕ ಬಿಚ್ಚಬಾರದು. ಕೆಡೋದು ಎರಡು ಕಡೆ. ಲ್ಯಾಬಿನವರು ಅಭ್ಯಾಸಬಲದಿಂದ ನೇರಳೆ ಮುಚ್ಚಳದ ಟ್ಯೂಬ್ ಕೊಟ್ಟರೆ ಅದರೊಳಗಿನ ಮದ್ದಿನಿಂದ ರಕ್ತ ಹೆಪ್ಪುಗಟ್ಟೋದೇ ಇಲ್ಲ. ರಕ್ತ ಎಳೆದಿಟ್ಟು ಯಾರೋ ಫೋನಿಗೆ ಹೋದರೆ ಟ್ಯೂಬಿನಲ್ಲೇ ಹೆಪ್ಪುಗಟ್ಟಿ ಪದರ ಬೇರೆಯಾಗಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ತಾ ಇದ್ದರೆ ಮೊದಲೇ ಹೇಳಿ.

ಹಾಸನದವರು ಆಲೂಗಡ್ಡೆ ಸಿಪ್ಪೆ ಕಟ್ಟಿದರೆ ವಾಸಿಯಾಗುತ್ತೆ ಅನ್ನೋದು ಪೂರ್ತಿ ಕಟ್ಟುಕಥೆ ಅಲ್ಲ. ಮುಂಬೈನ ವೈದ್ಯರು 1980ರ ದಶಕದಲ್ಲಿ ಬೇಯಿಸಿದ ಸಿಪ್ಪೆಯನ್ನು ಗಾಜ್ ಬಟ್ಟೆಗೆ ಅಂಟಿಸಿ, ಬಿಸಿ ಹಬೆಯಲ್ಲಿ ಶುದ್ಧ ಮಾಡಿ ಸುಟ್ಟಗಾಯಕ್ಕೆ ಬಳಸಿದ್ದರು. ಗಾಯ ತೇವವಾಗಿರುತ್ತೆ, ಅಂಟಿಕೊಳ್ಳಲ್ಲ, ಅಷ್ಟೇ ಅದರ ಗುಟ್ಟು. ಮನೆಯಲ್ಲಿ ಕಟ್ಟೋದು ಬೇರೆ ಮಾತು, ಮಾಡಬೇಡಿ. ಕಾಫಿಪುಡಿ, ನಶ್ಯ, ಸುಣ್ಣವಂತೂ ಹತ್ತಿರವೇ ಬೇಡ.

ಇನ್ನು ಸ್ಟೆಮ್ ಸೆಲ್. ಚರ್ಮದಲ್ಲಿ ಅದು ಕೆಲಸ ಮಾಡಿರೋದು ನಿಜ. 2015ರಲ್ಲಿ ಜರ್ಮನಿಯ ಬೋಖುಮ್‌ನಲ್ಲಿ, ಮೈಯೆಲ್ಲ ಚರ್ಮ ಕಿತ್ತುಬರುವ ಹುಟ್ಟುಕಾಯಿಲೆಯ 7 ವರ್ಷದ ಹುಡುಗನ 4 ಚದರ ಸೆಂ.ಮೀ. ಚರ್ಮದಿಂದ ಕೋಶ ತೆಗೆದು, ಜೀನ್ ಸರಿಪಡಿಸಿ, ಹಾಳೆಗಳಾಗಿ ಬೆಳೆಸಿ ಮೈಯ ಸುಮಾರು 80% ಮೇಲ್ಚರ್ಮ ಬದಲಿಸಿದರು. ಆದರೆ ಅವು ಚರ್ಮದವೇ ಸ್ಟೆಮ್ ಸೆಲ್‌ಗಳು, ಲ್ಯಾಬಿನಲ್ಲಿ ಎಣಿಸಿ ಪರೀಕ್ಷಿಸಿದವು. ನಿಮಗೆ ಹೇಳಿರೋದು ಕೊಬ್ಬು ಹೀರಿ, ಕಿಣ್ವದಲ್ಲಿ ಕರಗಿಸಿ, ತಿರುಗಿಸಿ ತೆಗೆದ ಮಿಶ್ರಣ. ಅದರಲ್ಲಿ ಸ್ಟೆಮ್ ಸೆಲ್ ಸ್ವಲ್ಪ ಪಾಲು ಮಾತ್ರ. ಚುಚ್ಚಿದ ಮೇಲೆ ಅವು ಚರ್ಮವಾಗಿ ಬದಲಾಗೋದೂ ಇಲ್ಲ. ಬಹುಪಾಲು ಸಾಯ್ತವೆ, ಸಾಯೋ ಮುಂಚೆ ಬಿಡುವ ಪ್ರೋಟೀನುಗಳಿಂದ ಏನಾದರೂ ಉಪಯೋಗ ಆದರೆ ಆಯ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಒಪ್ಪಿರೋದು ರಕ್ತದ ಕಾಯಿಲೆಗಳಿಗೆ ಮಾಡುವ ಸ್ಟೆಮ್ ಸೆಲ್ ಕಸಿ ಮಾತ್ರ, ಉಳಿದದ್ದೆಲ್ಲ ನೋಂದಾಯಿತ ಪ್ರಯೋಗದಲ್ಲೇ ನಡೆಯಬೇಕು. ಆಮೇಲೆ 2020ರಲ್ಲಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್ ಅನ್ನುವ ಸ್ಟೆಮ್ ಸೆಲ್ ಮದ್ದಿಗೆ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಅದೂ ಕಾಲಿನ ರಕ್ತನಾಳ ತೀರಾ ಮುಚ್ಚಿಹೋದವರಿಗೆ, ಕೊಬ್ಬಿನದಲ್ಲ, ದಾನಿಗಳ ಅಸ್ಥಿಮಜ್ಜೆಯದು. ಕ್ಲಿನಿಕ್ಕಿನವರನ್ನು ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಪ್ರಯೋಗ ಅಂದರೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳೋ ಹಾಗಿಲ್ಲ. ದುಡ್ಡು ಕೇಳ್ತಿದ್ದಾರೆ ಅಂದರೆ ಅದು ಪ್ರಯೋಗ ಅಲ್ಲ.

ಮೊದಲು ಚಿಕ್ಕಮಗಳೂರು ಅಥವಾ ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ ತೋರಿಸಿ. ಕಾಸ್ಟ್ ಹಾಕುವವರು ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಕರ್ನಾಟಕ ಎಂಡೋಕ್ರಿನಾಲಜಿ ಸಂಸ್ಥೆಯಲ್ಲಿ ಪಾದಕ್ಕೇ ಬೇರೆ ವಿಭಾಗ ಇದೆ. ಗಾಯ ಮಾಯ್ದ ಮೇಲೆ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿ ಮಾಡಿಸಿ, ಮನೆಯೊಳಗೂ ಅದೇ. ಕಾಫಿ ಕಣದಲ್ಲಿ ಬಿಸಿಲು ಕಾದಾಗ ಬರಿಗಾಲಲ್ಲಿ ಓಡಾಡಿದರೆ ಸ್ಪರ್ಶ ಇಲ್ಲದ ಕಾಲು ಬೊಬ್ಬೆ ಎದ್ದ ಮೇಲೇ ಗೊತ್ತಾಗೋದು. ಮಳೆಗಾಲದಲ್ಲಿ ಇಂಬಳಕ್ಕೆ ಹೆದರಿ ದಿನವಿಡೀ ಗಮ್‌ಬೂಟ್ ಹಾಕುವವರಾದರೆ ಮಧ್ಯಾಹ್ನ ಒಮ್ಮೆ ಬಿಚ್ಚಿ, ಬೆರಳ ಸಂದು ಒರೆಸಿ, ಒಣ ಸಾಕ್ಸ್ ಬದಲಿಸಲಿ. ಮತ್ತೆ ಹಾಕಿಕೊಳ್ಳೋ ಮುಂಚೆ ಬೂಟಿನೊಳಗೆ ಕೈ ಹಾಕಿ ಕಲ್ಲು, ಕಡ್ಡಿ ಇದೆಯಾ ನೋಡಿಕೊಳ್ಳಲಿ.