ಟ್ಯೂಬ್‌ಲೈಟ್ ಕೊಡೋರು ಬೇಕಾದಷ್ಟು, ಕರೆಂಟ್ ಬಿಲ್ ಯಾರು ಕಟ್ಟೋದು?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಹೊಲದ ಹತ್ತಿರ ಸುಜಲ ಜಲಾನಯನ ಯೋಜನೆಯ ಹಳೇ ಬೋರ್ಡು ಇದೆಯಂತೆ. ಬಣ್ಣ ಹೋಗಿ ‘ವಿಶ್ವಬ್ಯಾಂಕ್ ನೆರವು’ ಅನ್ನೋದಷ್ಟೇ ಕಾಣುತ್ತದಂತೆ. “ಅದು ದಾನವೋ ಸಾಲವೋ? ಶ್ರೀಮಂತ ದೇಶಗಳು ಹಾಕುವ ದುಡ್ಡು ಯಾರಿಗೆ ಎಷ್ಟು ಅಂತ ಯಾರು ತೀರ್ಮಾನಿಸುತ್ತಾರೆ?” ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ಸಾಲವೇ ಸ್ವಾಮಿ. ಆದರೆ ಮೆದು ಸಾಲ. ಬಡ್ಡಿ ವಿಷಯದಲ್ಲಿ ನಿಮ್ಮ ಸೊಸೈಟಿಯ ಬೆಳೆಸಾಲದ ಥರ, ಅವಧಿ ಮಾತ್ರ ಒಂದು ತಲೆಮಾರಿನದು. ವಿಶ್ವಬ್ಯಾಂಕಿನೊಳಗೆ ಬಡದೇಶಗಳಿಗೆಂದೇ ಐಡಿಎ ಅಂತ ಒಂದು ವಿಭಾಗ ಇದೆ, 1960ರಲ್ಲಿ ಶುರುವಾದದ್ದು. 2001ರ ಹೊತ್ತಿಗೆ ಸುಜಲಕ್ಕೆ ಸಾಲ ಬಂದದ್ದು ಅಲ್ಲಿಂದ.

ಈ ಪೆಟ್ಟಿಗೆಗೆ ದಾನಿ ದೇಶಗಳು ಮೂರು ವರ್ಷಕ್ಕೊಮ್ಮೆ ಕೂತು ಚಂದಾ ಬರೆಸುತ್ತವೆ. 2024ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಬರೆಸಿದ್ದು ಸುಮಾರು 2,370 ಕೋಟಿ ಡಾಲರ್. ಹಳೇ ಸಾಲದ ಕಂತು, ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಎತ್ತುವ ದುಡ್ಡು ಎಲ್ಲ ಸೇರಿ ಅದು 10,000 ಕೋಟಿ ಆಗುತ್ತದೆ. ಬರೆಸಿದ್ದೆಲ್ಲ ಕೈಗೆ ಬರುತ್ತದೆ ಅಂತೇನಿಲ್ಲ, ಗಣೇಶೋತ್ಸವದ ಚಂದಾ ಎತ್ತಿದವರಿಗೆ ಇದು ಗೊತ್ತೇ ಇದೆ! ಬೈಡನ್ ಸರ್ಕಾರ 400 ಕೋಟಿ ಬರೆಸಿತ್ತು. ಟ್ರಂಪ್ ಬಂದ ಮೇಲೆ ಬಜೆಟ್ ಪ್ರಸ್ತಾವದಲ್ಲಿ ಅದು 320 ಕೋಟಿಗೆ ಇಳಿಯಿತು.

ಹಂಚೋದಕ್ಕೆ ಒಂದು ಸೂತ್ರ ಇದೆ. ಜನಸಂಖ್ಯೆ ನೋಡುತ್ತಾರೆ, ತಲಾ ಆದಾಯ ನೋಡುತ್ತಾರೆ. ಎಲ್ಲಕ್ಕಿಂತ ಜಾಸ್ತಿ ತೂಕ ಆಡಳಿತಕ್ಕೆ. ಬ್ಯಾಂಕಿನವರು ಪ್ರತಿ ದೇಶಕ್ಕೂ 16 ವಿಷಯಗಳಲ್ಲಿ 1ರಿಂದ 6ರವರೆಗೆ ಅಂಕ ಕೊಡುತ್ತಾರೆ: ಬಜೆಟ್ ಶಿಸ್ತು ಹೇಗಿದೆ, ತೆರಿಗೆ ಸರಿಯಾಗಿ ವಸೂಲಾಗುತ್ತಾ, ಲಂಚ ಎಷ್ಟು. ಅಂಕ ಬಂದಷ್ಟು ಪಾಲು. ಕೇಳೋಕೆ ಚೆನ್ನಾಗಿದೆ. ಆದರೆ ಸರ್ಕಾರ ಕೆಟ್ಟಿರುವ ಕಡೆಯೇ ಅಲ್ವಾ ಜನ ಹೆಚ್ಚು ಒದ್ದಾಡೋದು? ದೊರೆ ಮಾಡಿದ ತಪ್ಪಿಗೆ ಕೂಲಿಯವನ ಊಟ ಕಡಿತ. ಈ ಎಡವಟ್ಟು ಬ್ಯಾಂಕಿಗೂ ಅರ್ಥವಾಗಿ, ಯುದ್ಧ, ಗಲಭೆಯಲ್ಲಿ ಸಿಕ್ಕಿಬಿದ್ದ ದೇಶಗಳಿಗೆ ಬೇರೆ ಗಂಟು ಎತ್ತಿಡುತ್ತಿದ್ದಾರೆ.

ಇಷ್ಟಾದರೂ ಇದು ಹುಂಡಿ ದುಡ್ಡು. ಹಾಕಿದವರು ಇಂಥ ಕೆಲಸಕ್ಕೇ ಅಂತ ಚೀಟಿ ಅಂಟಿಸಿಲ್ಲ. ನನ್ನ ಪ್ರಕಾರ ಇರೋದರಲ್ಲಿ ಇದೇ ವಾಸಿ. ಬೇರೆ ಕಡೆ ನೋಡಿ. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ಬೆಳಕೇ ಮುಚ್ಚಿಹೋಗುವಷ್ಟು ದೊಡ್ಡದಾಗಿ ದಾನಿಯ ಹೆಸರು ಬರೆದಿರುತ್ತಾರಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕತೆ ಹಾಗೇ ಆಗಿತ್ತು. ಸದಸ್ಯ ದೇಶಗಳ ಕಡ್ಡಾಯ ಚಂದಾ ಬಜೆಟ್ಟಿನ ಐದರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದದ್ದರಲ್ಲಿ ಬಹುಪಾಲು ‘ಈ ರೋಗಕ್ಕೆ’, ‘ಆ ದೇಶಕ್ಕೆ’ ಅಂತ ಚೀಟಿ ಹಚ್ಚಿ ಬಂದ ದುಡ್ಡು. ಪೋಲಿಯೋಗೆ ಧಾರಾಳವಾಗಿ ಸಿಗುತ್ತಿತ್ತು. ಕಚೇರಿ ನಡೆಸೋಕೆ, ಮುಂದಿನ ಪಿಡುಗಿಗೆ ತಯಾರಾಗೋಕೆ ಕೊಡುವವರು ಕಡಿಮೆ. ಕರೆಂಟ್ ಬಿಲ್ಲಿಗೆ ಯಾರು ಹೆಸರು ಬರೆಸ್ತಾರೆ ಹೇಳಿ! ಕೋವಿಡ್ ಆದ ಮೇಲೆ, 2022ರಲ್ಲಿ, ಕಡ್ಡಾಯ ಚಂದಾವನ್ನು ಹಂತಹಂತವಾಗಿ ಮೂಲ ಬಜೆಟ್ಟಿನ ಅರ್ಧಕ್ಕೆ ತರೋಣ ಅಂತ ದೇಶಗಳು ಒಪ್ಪಿದವು. ರೋಮ್‌ನಲ್ಲಿರುವ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಕಡ್ಡಾಯ ಚಂದಾ ಅನ್ನೋದೇ ಇಲ್ಲ. ಅವರಿವರು ಮನಸ್ಸು ಮಾಡಿ ಕೊಟ್ಟರೆ ಉಂಟು.

ಅಂದಹಾಗೆ, ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ 0.7% ನೆರವಿಗೆ ಕೊಡಬೇಕು ಅಂತ ವಿಶ್ವಸಂಸ್ಥೆ 1970ರಲ್ಲೇ ನಿರ್ಣಯ ಮಾಡಿತ್ತು. ನಾರ್ವೆ, ಸ್ವೀಡನ್‌ನಂಥ ಬೆರಳೆಣಿಕೆಯ ದೇಶಗಳು ಅದನ್ನು ಮುಟ್ಟಿವೆ. ಬ್ರಿಟನ್ ಮುಟ್ಟಿ, 2021ರಲ್ಲಿ 0.5%ಗೆ ಇಳಿಸಿತು. 2027ಕ್ಕೆ 0.3% ಅಂತ ಈಗಲೇ ಹೇಳಿಬಿಟ್ಟಿದೆ.

ಇನ್ನು ನಿಮ್ಮೂರ ಬೋರ್ಡಿನ ವಿಷಯ. ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ ಮತ್ತು ನಿಮ್ಮ ಹಾವೇರಿಯಲ್ಲಿ ಆ ದುಡ್ಡಿನಿಂದ ಬದು ಹಾಕಿದರು, ಕೃಷಿ ಹೊಂಡ ತೋಡಿದರು. ಐಡಿಎಯಿಂದ ಎಲ್ಲರಿಗಿಂತ ಹೆಚ್ಚು ಸಾಲ ಎತ್ತಿದ ದೇಶ ನಮ್ಮದು. 2014ರಲ್ಲಿ ಭಾರತವನ್ನು ಬಡದೇಶಗಳ ಪಟ್ಟಿಯಿಂದ ಹೊರಗಿಟ್ಟರು, ಆಮೇಲೆ ನಾವೇ ದಾನಿಗಳ ಸಾಲಿನಲ್ಲಿ ಕೂತೆವು. ನಾವು ತೀರಿಸುವ ಸಾಲವೂ ಅದೇ ಪೆಟ್ಟಿಗೆಗೆ ಬೀಳುತ್ತದೆ. ಅಲ್ಲಿಂದ ನೇಪಾಳಕ್ಕೋ ಇಥಿಯೋಪಿಯಾಕ್ಕೋ ಹೊರಡುತ್ತದೆ.